ಬಾನೆಟ್ಟಿನಡಿಯ ಭಂಡಾರ

ಬಟ್ಟೆ ಕೆಂಪಾಗಿತ್ತು.

ಗ್ಯಾರೇಜಿನ ಗಫೂರ್ ಚಾಚಾ ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಶೆಡ್ಡಿನ ಬಾಗಿಲ ಬೆಳಕಿಗೆ ತಿರುಗಿಸಿದರು. ಹತ್ತು ನಿಮಿಷದ ಹಿಂದೆ ಅದು ಬಿಳಿ ಬನಿಯನ್ನಿನ ತುಂಡು. ಬಟ್ಟೆ ತೊಳೆಯುವ ಸೋಡಾ ನೀರಿನಲ್ಲಿ ಅದ್ದಿ ಎಂಜಿನ್ನಿನ ನೆತ್ತಿಯ ಜಿಡ್ಡನ್ನು ಒರೆಸಿದ್ದರು, ಅಷ್ಟೇ.

"ಇದೇನ್ ಬೇಟಾ, ಖೂನ್ ಅದೇನು?"

"ಎಂಜಿನ್ ಖೂನಿ ಆಗ್ಯಾದಂತ ನಿನ್ನಿ ನೀವೇ ಅಂದ್ರಿ. ಇವತ್ತು ಖೂನ್ ಸಿಕ್ಕದ. ಇನ್ನ ಹೆಣ ಒಂದು ಸಿಗಬೇಕು ನೋಡ್ರಿ ಚಾಚಾ," ಅಂದಳು ಉಜ್ವಲಾ.

ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಅಂಜನಾಬಾಯಿ ಟೀಚರ್ ನಗಲಿಲ್ಲ. ನಗುವ ಸ್ಥಿತಿಯಲ್ಲಿ ಅವರಿರಲಿಲ್ಲ. ಭಾಲ್ಕಿಯ ಅವರ ಮನೆಯ ಹಿಂದಿನ ಈ ಶೆಡ್ಡಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಅಮೆರಿಕದ ಮಸ್ಟಾಂಗ್ ಕಾರಿನ ಬಾನೆಟ್ ಎತ್ತಿ ನೋಡಿದರೆ, ಅದರ ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಮಾಯವಾಗಿ ಯಾವುದೋ ಜೀಪಿನ ಡೀಸೆಲ್ ಎಂಜಿನ್ ಕಾಲು ಮಡಚಿ ಕೂತಿದ್ದದ್ದು ಗೊತ್ತಾಗಿ ಒಂದೇ ದಿನವಾಗಿತ್ತು.

ಕಾರಾದರೂ ಎಂಥದು. ೧೯೬೯ರ ಮಾಡೆಲ್. ಹೈದರಾಬಾದಿನ ಗುತ್ತಿಗೆದಾರನೊಬ್ಬ ಹಡಗಿನಲ್ಲಿ ತರಿಸಿ, ಬೇಸರವಾಗಿ ಬಿಟ್ಟದ್ದನ್ನು ಟೀಚರ ಯಜಮಾನರು ಪಶುವೈದ್ಯ ಡಾಕ್ಟರ್ ಮಾಣಿಕ ಕೊಂಡು ತಂದಿದ್ದರು. ಈಗ ನಾಲ್ಕೂ ಟೈರು ನೆಲಕ್ಕಂಟಿವೆ. ಸೀಟಿನ ಹೊಟ್ಟೆಯಲ್ಲಿ ಇಲಿಗಳು ಮೂರು ತಲೆಮಾರಿನ ಸಂಸಾರ ಹೂಡಿವೆ. ಬಾಗಿಲ ಕೆಳಗಂಚನ್ನು ತುಕ್ಕು ತಿಂದು ತೇಗಿದೆ. ಮುಂದಿನ ಜಾಲರಿಯಲ್ಲಿ ಓಡುತ್ತಿರುವ ಲೋಹದ ಕುದುರೆಯೊಂದು ಮಾತ್ರ ಇನ್ನೂ ಹೊಳೆಯುತ್ತಿದೆ. ಓಣಿಯವರ ಬಾಯಲ್ಲಿ ಇದು ‘ಕುದುರಿ ಗಾಡಿ’. ಕುದುರೆಯೇನೋ ಇತ್ತು, ವ್ಯವಹಾರ ಕುದುರುವುದು ಬಾಕಿ ಇತ್ತು.

ಕೊಳ್ಳುವವನು ಪುಣೆಯ ಗೌರವ. ತಾಯಿಯ ತವರು ಕಮಲನಗರವಾದ್ದರಿಂದ ಅವನ ಕನ್ನಡಕ್ಕೆ ಮರಾಠಿಯ ಅಂಚು. ತುಕ್ಕು ಹಿಡಿದ ಹಳೆ ಗಾಡಿಗಳನ್ನು ಒಯ್ದು ಹೊಸದರಂತೆ ಮಾಡುವುದು ಅವನ ಹುಚ್ಚು, ಅದೇ ಅವನ ಉದ್ಯೋಗ. ನಾಳೆ ಹನ್ನೊಂದಕ್ಕೆ ಲಾರಿ ತರುತ್ತಾನೆ. ಟೀಚರ್ ಅವನಿಗೆ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟಿದ್ದರು: ‘ಎಂಜಿನ್ ಮೂಲದ್ದೇ, ಬದಲಾಗಿಲ್ಲ.’

"ಅವ ನಿನ್ನಿ ಫೋನಿನಾಗ ಏನಂದಾನ ಗೊತ್ತದೇನ್ರಿ ಚಾಚಾ?" ಉಜ್ವಲಾ ಗಂಟಲು ಸರಿಮಾಡಿಕೊಂಡು, ಮೂಗನ್ನು ತುಸು ಬಿಗಿಹಿಡಿದು ಗೌರವನೇ ಆದಳು. "‘ತುಕ್ಕ್ ಚಾಲತದ ಮ್ಯಾಡಮ್, ಝೂಟ್ ಚಾಲಂಗಿಲ್ಲ. ತುಕ್ಕ್ ನಾ ತೆಗಿತೇನಿ, ಝೂಟ್ ಹ್ಯಾಂಗ್ ತೆಗೀಲಿ?’"

"ಅದೇ ನನ್ನ ಸಂಕಟ ಉಜ್ಜೂ," ಅಂದರು ಟೀಚರ್. "ಗಾಡಿ ಮಾರದಿದ್ರೂ ನಡೀತದ. ಈ ಜಾಗದಾಗ ಹುಡುಗೀರಿಗೆ ಓದೂ ಖೋಲಿ ಕಟ್ಟಿಸಬೇಕಂತ ಆಸೆ, ಅದು ಒಂದು ವರ್ಷ ತಡಾ ಆದೀತು. ಆದ್ರ ಮೂವತ್ತೆಂಟು ವರ್ಷ ಸಾಲಿ ಕಲಿಸಿದಾಕಿ ಸುಳ್ಳು ಬರೆದುಕೊಟ್ಟಳು ಅಂತ ಆಗಬಾರದು. ನನಗ ಖರೇ ಎಂಜಿನ್ ಹುಡುಕಿಕೊಡು. ಇಲ್ಲಾಂದ್ರ ಯಾರು ತೆಗೆದರು ಅನ್ನೂದಾದರೂ ಹುಡುಕಿಕೊಡು."

ಬೀದರಿನ ಚೌಬಾರಾ ಬಳಿಯ ಒಂದು ಕೋಣೆಯ ಆಫೀಸಿನಲ್ಲಿ ಪತ್ತೇದಾರಿ ಮಾಡುವ ಮೊದಲು ಉಜ್ವಲಾ ಹನ್ನೊಂದು ವರ್ಷ ವಿಮೆಯ ಸರ್ವೇಯರ್ ಆಗಿದ್ದವಳು. ಅಪಘಾತದ ಗಾಡಿಗಳ ಹೊಟ್ಟೆಯಡಿ ಮಲಗಿ, ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಸುಳ್ಳು ಹೇಳುವ ಮಾಲೀಕರನ್ನು ಗಾಡಿಯ ಬಾಯಿಂದಲೇ ಸುಳ್ಳಾಗಿಸಿದವಳು. ಅದಕ್ಕೂ ಮೊದಲು ಇದೇ ಟೀಚರ ಕೈಯಲ್ಲಿ ಏಳನೇ ಇಯತ್ತೆ ಓದಿದವಳು. ಒಂದು ಅರ್ಕಾವತ್ತು ಬಿಟ್ಟದ್ದಕ್ಕೆ ಅರ್ಧ ಅಂಕ ಕಳೆದ ಕೈ ಅದು.

ಅವಳು ಕೆಂಪು ಬಟ್ಟೆಯನ್ನು ಮೂಸಿದಳು.

"ಖೂನ್ ಅಲ್ರಿ ಚಾಚಾ. ಕುಂಕುಮಾನೂ ಅಲ್ಲ. ಜಿಡ್ಡಿನ ಕೆಳಗ ಕೆರೆದು ನೋಡ್ರಿ, ಒಣಗಿದ್ದು ಯಾವ ಬಣ್ಣ?"

ಚಾಚಾ ಸ್ಕ್ರೂಡ್ರೈವರಿನಿಂದ ಕೆರೆದರು. ಕಪ್ಪು ಜಿಡ್ಡಿನ ಕೆಳಗೆ ಹಳದಿ. ಅದರ ಕೆಳಗೆ ಮತ್ತೆ ಕಪ್ಪು. ಮತ್ತೆ ಹಳದಿ. ವರ್ಷಕ್ಕೊಂದರಂತೆ ಪದರು ಕೂತಿತ್ತು.

"ಅರಿಷಿಣ," ಅಂದಳು ಉಜ್ವಲಾ. "ಅರಿಷಿಣಕ್ಕ ಸೋಡಾ ಬಿದ್ರ ಕೆಂಪಾಗ್ತದ. ಪಲ್ಯದ ಕಲೆ ಆದ ಅಂಗಿಗಿ ಸಾಬಾಣ ಹಚ್ಚಿದವರಿಗೆಲ್ಲಾ ಗೊತ್ತು. ಚಾಚಾ, ನಿಮ್ಮ ಅಂಗಿ ಚಾಚಿ ಒಗೀತಾರ, ಅದಕ್ಕ ನಿಮಗ ಗೊತ್ತಿಲ್ಲ. ಟೀಚರ್, ಗಾಡಿಗೆ ಪೂಜಾ ಮಾಡ್ತಿದ್ರೇನ್ರಿ?"

"ಇಲ್ಲವ್ವ. ದಸರಾ ದಿವಸ ನಮ್ಮದು ಬಿಳೇ ಸೀರಿ ಉಟ್ಟು ಬುದ್ಧ ವಿಹಾರಕ್ಕ ಹೋಗೂದು. ಗಾಡಿಗಿ ಹಳದಿ ಹಚ್ಚೂದು ನಮ್ಮ ಮನ್ಯಾಗ ಎಂದೂ ಇಲ್ಲ. ಅವರು ವಂದನಾ ಮಾಡಿ ಬಂದು ಗಾಡಿ ತೊಳೆದು ಬಿಡ್ತಿದ್ರು."

"ಅಂದ್ರ ಈ ಎಂಜಿನ್ ನಿಮ್ಮ ಮನಿಗಿ ಬರೂಕಿಂತ ಮೊದಲು ಖಂಡೇ ನವಮಿಗೆ ಕಬ್ಬಿಣದ ಪೂಜಾ ಮಾಡೋರ ಮನ್ಯಾಗಿತ್ತು. ಅದೂ ಕುಂಕುಮ ಇಲ್ಲ, ವಿಭೂತಿ ಇಲ್ಲ. ಬರೀ ಅರಿಷಿಣ, ಹಿಡಿಗಟ್ಟಲೆ. ನಮ್ಮ ಕಡೆ ಹಿಂಗ ಅರಿಷಿಣ ತೂರೋರು ಯಾರು?"

ಟೀಚರ್ ತಟ್ಟೆಯನ್ನು ಕಾರಿನ ಮೂತಿಯ ಮೇಲಿಟ್ಟರು. "ಮೈಲಾರ ಮಲ್ಲಣ್ಣನ ಒಕ್ಕಲು. ಅವರು ತೂರೋ ಅರಿಷಿಣಕ್ಕೇ ಭಂಡಾರ ಅಂತಾರ."

"ಕುರಿ ಸಾಕೋ ಮನೆತನ," ಅಂದಳು ಉಜ್ವಲಾ. ಕೆರೆದ ಜಿಡ್ಡಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಸುರುಳಿ ಎಳೆಯನ್ನು ಚಿಮಟದಲ್ಲಿ ಎಳೆದು, ಚಾಚಾರ ಬೆಂಕಿಪೆಟ್ಟಿಗೆಯ ಕಡ್ಡಿ ತಾಗಿಸಿದಳು. ಕೂದಲು ಸುಟ್ಟ ವಾಸನೆ. "ಉಣ್ಣೆ. ಕುರಿ ಹೇರೋ ಜೀಪಿನ ಎಂಜಿನ್ ಇದು. ಈಗ ಯಾವಾಗ ಬದಲಾತು ಅನ್ನೂದು ತಿಳೀಬೇಕು. ಟೀಚರ್, ಕಣ್ಣು ಮುಚ್ರಿ. ಚಾಚಾ, ಅದರ ಖರೇ ಎಂಜಿನ್ ಹ್ಯಾಂಗ ಮಾತಾಡ್ತಿತ್ತು, ಮಾಡಿ ತೋರಸ್ರಿ."

ನಲವತ್ತು ವರ್ಷದ ಗ್ಯಾರೇಜಿನ ಅನುಭವದಲ್ಲಿ ಗಫೂರ್ ಚಾಚಾರಿಗೆ ಇಂಥ ಸತ್ಕಾರ ಯಾರೂ ಮಾಡಿರಲಿಲ್ಲ. ಎದೆ ತುಂಬ ಉಸಿರೆಳೆದು, ಗಡ್ಡ ನೀವಿಕೊಂಡು, ಹೊಟ್ಟೆಯೊಳಗಿಂದ ಶುರುಮಾಡಿದರು. "ಗುಡು ಗುಡು ಗುಡು ಗುಡು..." ಮೋಡ ಉರುಳಿದಂತೆ.

ಟೀಚರ ತುಟಿಯಲ್ಲಿ ನಗು ಬಂತು. "ಹೌದ್ ಹೌದು. ಇದೇ. ಔರಾದ ರೋಡಿನ ತಿರುವಿನಾಗ ಬಂದ್ರ ಮನ್ಯಾಗ ಕೂತು ಅನ್ನಕ್ಕ ಇಡ್ತಿದ್ದೆ."

"ಈಗ ಡೀಸೆಲ್."

"ಖಟ ಖಟ ಖಟ ಖಟ ಖಟ," ಅಂದರು ಚಾಚಾ, ದವಡೆ ಅಲ್ಲಾಡಿಸಿ.

ನಗು ನಿಂತಿತು. "ಇದೂ ಕೇಳೇನಿ," ಅಂದರು ಟೀಚರ್ ಕಣ್ಣು ತೆರೆಯದೆ. "ಆಮ್ಯಾಲಿನ ವರ್ಷಗಳಾಗ ಹಿಂಗೇ ಬರ್ತಿತ್ತು. ‘ಯಾಕ್ರಿ, ಹಿಟ್ಟಿನ ಗಿರಣಿ ಹಂಗ ಮಾಡ್ತದ’ ಅಂದೆ. ‘ಸೈಲೆನ್ಸರ್ ಹೋಗ್ಯಾದ’ ಅಂದ್ರು."

"ಎಂದಿನಿಂದ?"

"ಚಿಂತಾಕಿ ಕ್ಯಾಂಪಿನಿಂದ. ಕುರಿಗೋಳಿಗಿ ನೀಲಿ ನಾಲಿಗಿ ರೋಗ ಬಂದಿತ್ತಲ್ಲ, ಇಪ್ಪತ್ತೇಳು ವರ್ಷ ಆತು. ಹದಿನೈದು ದಿವಸ ಅಲ್ಲೇ ಇದ್ದರು. ಬಂದಾಗ ಗಾಡಿ ಖಟ ಖಟ ಅನ್ನಲತ್ತಿತ್ತು."

ಹೇಳಿ ಮುಗಿಸಿ ಕಣ್ಣು ತೆರೆದರು. ಎಂಜಿನ್ ಬದಲಿಸಿದ್ದು ಕಳ್ಳನಲ್ಲ, ಗಂಡನೇ ಎಂಬುದು ಅವರ ಮುಖದ ಮೇಲೆ ನಿಧಾನವಾಗಿ ಬಂದು ಕೂತಿತು. ಹನ್ನೆರಡು ವರ್ಷದ ಹಿಂದೆ ತೀರಿಕೊಂಡ ಗಂಡನನ್ನು ಈಗ ಕೇಳುವಂತಿರಲಿಲ್ಲ.

"ಚಹಾ ಆರ್ಯಾದ," ಅಂದರು. "ಬ್ಯಾರೆ ಮಾಡಿ ತರ್ತೇನಿ."

"ಬ್ಯಾಡ್ರಿ. ಚಿಂತಾಕಿದಾಗ ಕುಡೀತೇವಿ."

*

ಚಾಚಾರ ಓಮ್ನಿ ಮಾಂಜ್ರಾ ಸೇತುವೆ ದಾಟಿ ಔರಾದಿನ ಕಡೆ ತಿರುಗಿದಾಗ ಬಿಸಿಲು ಹದವಾಗಿತ್ತು. ರಸ್ತೆಯ ಎರಡೂ ಬದಿ ಕೊಯ್ದ ತೊಗರಿ ಗೂಡು ಗೂಡಾಗಿ ನಿಂತಿತ್ತು. ಚಾಚಾ ದಾರಿಯುದ್ದಕ್ಕೂ ಎಂಟು ಸಿಲಿಂಡರಿನ ಸದ್ದನ್ನು ಸಣ್ಣಗೆ ಅಭ್ಯಾಸ ಮಾಡುತ್ತಲೇ ಇದ್ದರು.

ಔರಾದಿನ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಇಪ್ಪತ್ತೇಳು ವರ್ಷದ ಹಿಂದೆ ಚಿಂತಾಕಿಯ ಕುರಿಯವರಲ್ಲಿ ಜೀಪು ಇದ್ದದ್ದು ಯಾರ ಮನೆಯಲ್ಲಿ? ಉತ್ತರವೂ ಒಂದೇ. ಆ ಕಾಲಕ್ಕೆ ಕುರಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಸಂತೆಗೆ ಬರುತ್ತಿದ್ದವರು ಮಡೆಪ್ಪ ಒಬ್ಬರೇ. ಕುರಿಗಳು ಕಿಟಕಿಯಿಂದ ತಲೆ ಹೊರಹಾಕಿ ಊರು ನೋಡುತ್ತಿದ್ದವಂತೆ.

ಮಡೆಪ್ಪ ದೊಡ್ಡಿಯ ಮುಂದೆ ಉಣ್ಣೆ ಕತ್ತರಿಸುತ್ತ ಕೂತಿದ್ದರು. ಎಪ್ಪತ್ತು ದಾಟಿದ ದೇಹ, ಬಿಳಿ ಮೀಸೆ, ತಲೆಗೆ ರುಮಾಲು. ಮೊಣಕಾಲ ನಡುವೆ ಸಿಕ್ಕಿದ್ದ ಕುರಿ ಕ್ಷೌರದಂಗಡಿಯಲ್ಲಿ ಕೂತ ಗಿರಾಕಿಯಂತೆ ಶಾಂತವಾಗಿತ್ತು.

"ಬರ್ರಿ, ಕೂಡ್ರಿ. ಯಾ ಊರಿನವರು?"

"ಬೀದರ್ ರಿ ಕಾಕಾ. ಡಾಕ್ಟರ್ ಮಾಣಿಕ ಅವರ ಮನಿ ಕಡಿಂದ ಬಂದೇವಿ."

ಕತ್ತರಿ ಒಂದು ಕ್ಷಣ ನಿಂತು ಮತ್ತೆ ನಡೆಯಿತು. "ಡಾಕ್ಟರ್ ಸಾಬ್ ದೇವರಂಥ ಮನುಷ್ಯಾ. ನನ್ನ ನೂರಾ ನಲವತ್ತು ಕುರಿ ಉಳಿಸ್ಯಾರ. ಏನ್ ಕೆಲಸಿತ್ತರಿ?"

"ಅವರ ಗಾಡಿ ಎಂಜಿನ್ ನಿಮ್ಮ ಬಲ್ಲಿ ಅದಂತ."

"ನನ್ನ ಬಲ್ಲಿ ಕುರಿ ಅವ. ಎಂಜಿನ್ ಇಲ್ಲ."

"ನಿಮ್ಮ ಜೀಪಿನ ಎಂಜಿನ್ ಅವರ ಗಾಡ್ಯಾಗ ಅದ ಕಾಕಾ. ಭಂಡಾರ ಸಮೇತ."

"ನನ್ನ ಜೀಪು ಮೋಡಕಾಕ್ಕ, ಹಳೇ ಕಬ್ಬಿಣಕ್ಕ ಹೋಗಿ ಇಪ್ಪತ್ತು ವರ್ಷ ಆತು. ಮೋಡಕಾದವ ಎಂಜಿನ್ ಯಾರಿಗೆ ಮಾರಿದ್ನೋ, ಅವನಿಗೇ ಕೇಳ್ರಿ."

ಬಾಗಿಲು ಮುಚ್ಚಿದ ಹಾಗಾಯಿತು. ಚಾಚಾ ಉಜ್ವಲಾಳ ಮುಖ ನೋಡಿದರು. ಉಜ್ವಲಾ ಅಂಗಳ ನೋಡುತ್ತಿದ್ದಳು.

ದಸರೆ ಮುಗಿದು ಎರಡು ತಿಂಗಳಾಗಿತ್ತು. ಟ್ರ್ಯಾಕ್ಟರಿನ ಮೂತಿಗೆ ಮಾಸಿದ ಹಳದಿ. ಮೋಟರ್ ಸೈಕಲ್ಲಿಗೆ ಹಳದಿ. ಕೂರಿಗೆಗೆ, ಕುಡಗೋಲಿಗೆ, ಮೇವು ಕತ್ತರಿಸುವ ಯಂತ್ರಕ್ಕೆ ಹಳದಿ. ಈ ಮನೆಯಲ್ಲಿ ದುಡಿಯುವ ಯಾವ ಕಬ್ಬಿಣವೂ ಭಂಡಾರವಿಲ್ಲದೆ ಉಳಿದಿರಲಿಲ್ಲ. ದೊಡ್ಡಿಯ ಮೂಲೆಯಲ್ಲಿ, ಜೋಳದ ಕಣಿಕೆಯ ಮೆದೆಯ ಹಿಂದೆ, ಎರಡು ಪದರು ಕರಿ ಕಂಬಳಿ ಹೊದ್ದ ಒಂದು ಗುಡ್ಡೆ. ಕಂಬಳಿಯ ಮೇಲೂ ಐದು ಬೆರಳಿನ ಹಳದಿ ಗುರುತು.

"ಕಾಕಾ, ಕಂಬಳಿಗೂ ಖಂಡೇ ನವಮಿ ಮಾಡ್ತೀರೇನ್ರಿ?"

ಮಡೆಪ್ಪ ತಿರುಗಿ ನೋಡಲಿಲ್ಲ. ನೋಡಬೇಕಾದ ಅಗತ್ಯವೂ ಅವರಿಗಿರಲಿಲ್ಲ.

"ಮುಚ್ಚಿಟ್ಟಿದ್ದು ಯಾರಿಗೂ ಕಾಣಬಾರದು ಅಂತ ಕಣಿಕಿ ಅಡ್ಡ ಇಟ್ಟೀರಿ," ಅಂದಳು ಅವಳು, ದನಿಯೇರಿಸದೆ. "ಆದ್ರ ಹಬ್ಬದ ದಿವಸ ಅದೊಂದನ್ನ ಬಿಟ್ಟು ಬ್ಯಾರೆಲ್ಲಕ್ಕೂ ಹಚ್ಚಲಿಕ್ಕ ನಿಮ್ಮ ಕೈ ಬರಲಿಲ್ಲ."

ಕತ್ತರಿ ನೆಲಕ್ಕಿಳಿಯಿತು. ಅರ್ಧ ಕ್ಷೌರವಾದ ಕುರಿ ಎದ್ದು, ತನ್ನ ಅವತಾರ ಯಾರೂ ನೋಡಲಿಲ್ಲವೆಂಬಂತೆ ಮಂದೆಯೊಳಗೆ ಸೇರಿಕೊಂಡಿತು.

"ಹ್ಯಾಂಗ ಬಿಡ್ಲಿ ತಾಯಿ," ಅಂದರು ಮಡೆಪ್ಪ. "ಬ್ಯಾರೆಯವರದಾದ್ರೂ ನನ್ನ ಮನ್ಯಾಗ ಅದ. ಉಪಾಸ ಇಡಲಿಕ್ಕ ಆಗ್ತದೇನು?"

ಅವರೇ ಎದ್ದು ಕಣಿಕೆ ಸರಿಸಿ ಕಂಬಳಿ ತೆಗೆದರು.

ಗಫೂರ್ ಚಾಚಾ ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡರು. ಮರದ ಹಲಗೆಗಳ ಮೇಲೆ, ಎರಡು ಸಾಲು ನಾಲ್ಕು ನಾಲ್ಕು ಸಿಲಿಂಡರು ಎದೆ ಅಗಲಿಸಿ ಕೂತ ದೊಡ್ಡ ಎಂಜಿನ್. ಒಂದು ಚೂರು ತುಕ್ಕಿಲ್ಲ. ವರ್ಷ ವರ್ಷವೂ ಎಣ್ಣೆ ಹಚ್ಚಿದ ಮಿರುಗು. ಗಾಳಿ ಹೋಗುವ ತೂತುಗಳಿಗೆಲ್ಲ ಉಣ್ಣೆಯ ಬಿರಟೆ.

"ಮಾಷಾ ಅಲ್ಲಾ," ಅಂದರು ಚಾಚಾ ಪಿಸುದನಿಯಲ್ಲಿ. "ಇದು ಸತ್ತಿಲ್ಲ ಬೇಟಾ. ಮಲಗ್ಯಾದ."

ಉಜ್ವಲಾ ಚೀಲದಿಂದ ತೆಳು ಕಾಗದ, ಪೆನ್ಸಿಲ್ ತೆಗೆದಳು. ಎಂಜಿನ್ನಿನ ಹಿಂಬದಿಯಲ್ಲಿ ಒತ್ತಿದ್ದ ನಂಬರನ್ನು ಬೆರಳಲ್ಲೇ ಹುಡುಕಿ, ಕಾಗದ ಇಟ್ಟು ಉಜ್ಜಿದಳು. ಒಂದೊಂದಾಗಿ ಅಂಕಿಗಳು ಬೂದು ಬಣ್ಣದಲ್ಲಿ ಮೇಲೆದ್ದವು. ಟೀಚರ್ ಕೊಟ್ಟಿದ್ದ ಆರ್‌ಸಿ ಪುಸ್ತಕ ಪಕ್ಕಕ್ಕೆ ಹಿಡಿದಳು. ಆರಕ್ಕೆ ಆರೂ ಹೊಂದಿದವು.

ಟೀಚರ ಬರಹ ಸುಳ್ಳಾಗುವುದಿಲ್ಲ. ಇದನ್ನು ಇಂದು ಸಂಜೆಯೊಳಗೆ ಭಾಲ್ಕಿಗೆ ಮುಟ್ಟಿಸಿದರೆ, ನಾಳೆ ಹನ್ನೊಂದಕ್ಕೆ ಗೌರವನಿಗೆ ಇಷ್ಟೇ ಹೇಳಬೇಕು: ಎಂಜಿನ್ ಇದೇ, ಬಿಚ್ಚಿಟ್ಟಿದ್ದೆವು.

"ಕಾಕಾ, ಡಾಕ್ಟರ್ ಸಾಬ್ ಇದನ್ನ ಯಾಕ ಬಿಚ್ಚಿ ಇಟ್ಟರು?"

"ನಾ ಕೇಳಲಿಲ್ಲ. ಕ್ಯಾಂಪಿನ ಕಡೀ ದಿವಸ ಹೇಳಿದ್ರು, ಮಡೆಪ್ಪಾ, ನಿನ್ನ ಜೀಪು ಹ್ಯಾಂಗೂ ಮುರದದ, ಅದರ ಎಂಜಿನ್ ನನಗ ಕೊಡು, ನನ್ನದು ನಿನ್ನ ಬಲ್ಲಿ ಅಮಾನತ್ ಆಗಿ ಜೋಪಾನ ಇರಲಿ ಅಂತ. ಔರಾದದಿಂದ ಮಿಸ್ತ್ರಿನ್ನ ಕರೆಸಿದ್ವಿ. ಅಷ್ಟೇ."

"ನಾ ಒಂದು ಟೆಂಪೋ ತರಸ್ತೇನಿ. ಟೀಚರ್ ಮನಿಗಿ ಒಯ್ದು ಇಳಸ್ತೇವಿ. ನೀವೂ ಕೂಡ ಬರ್ರಿ."

ಮಡೆಪ್ಪ ಕಂಬಳಿಯನ್ನು ಮತ್ತೆ ಹೊದಿಸಲು ಶುರುಮಾಡಿದರು. ಅವಸರವಿಲ್ಲದೆ, ಮಲಗಿದ ಮಗುವಿಗೆ ಹೊದಿಸಿದ ಹಾಗೆ.

"ಆಗಂಗಿಲ್ಲ ತಾಯಿ."

"ಯಾಕ್ರಿ?"

"ಭಂಡಾರ ಕೈಯಾಗ ಹಿಡಿದು ಆಣಿ ಮಾಡೇನಿ. ಯಾರ ಹೆಸರು ಹೇಳ್ಯಾರೋ ಅವರ ಕೈಗೇ ಕೊಡ್ತೇನಿ ಅಂತ."

"ಅದು ಅವರ ಹೆಂಡತಿ ಹೆಸರೇ ಇದ್ದೀತಲ್ಲ."

"ಅಲ್ಲ." ಮಡೆಪ್ಪ ಕಂಬಳಿಯ ತುದಿಯನ್ನು ಹಲಗೆಯ ಕೆಳಗೆ ಸಿಗಿಸಿದರು. "ನಾನೂ ಅದನ್ನೇ ಕೇಳಿದ್ದೆ. ನಿಮ್ಮ ಮನಿ ಬಾಯಾರು ಬಂದ್ರ ಕೊಡಲೇನ್ರಿ ಅಂತ. ಡಾಕ್ಟರ್ ಸಾಬ್ ಅಂದ್ರು: ಗಾಡಿ ಅಂಜನಾಗ ಸೇರಿದ್ದು. ಅದರ ಜೀವ ಸುಮನಗ ಸೇರಿದ್ದು. ಅಂಜನಾ ಬಂದು ಕೇಳಿದ್ರೂ ಕೊಡಬ್ಯಾಡ."

"ಸುಮನ ಅಂದ್ರ ಯಾರು?"

"ನನಗೇನ್ ಗೊತ್ತು. ಗಂಡೋ ಹೆಣ್ಣೋ ಅದೂ ಕೇಳಿಲ್ಲ. ಇಪ್ಪತ್ತೇಳು ವರ್ಷ ದಾರಿ ನೋಡ್ಲತ್ತೇನಿ."

"ನಾಳಿ ಟೀಚರ ಮಾತು ಸುಳ್ಳಾಗ್ತದ ಕಾಕಾ. ನಿಮ್ಮ ಕುರಿ ಉಳಿಸಿದವರ ಹೆಂಡತಿ."

"ಖರೇ ಅದ. ಆದ್ರ ಈ ಮುದುಕನ ಬಲ್ಲಿ ಇರೂದೂ ಒಂದೇ ಮಾತು. ಸುಮನನ್ನ ಕರಕೊಂಡು ಬರ್ರಿ. ನಾನೇ ಹೆಗಲು ಕೊಟ್ಟು ಎತ್ತಸ್ತೇನಿ."

ಉಜ್ವಲಾ ದೊಡ್ಡಿಯ ಹೊರಗೆ ಬಂದು, ನೆಟ್‌ವರ್ಕ್ ಸಿಗುವ ಬೇವಿನ ಮರದಡಿ ನಿಂತು ಭಾಲ್ಕಿಗೆ ಫೋನ್ ಮಾಡಿದಳು.

"ಟೀಚರ್, ಎಂಜಿನ್ ಸಿಕ್ಕದ. ನಂಬರ್ ಹೊಂದ್ಯಾದ."

ಆ ತುದಿಯಿಂದ ಬಂದ ಉಸಿರಿನಲ್ಲಿ ನಿನ್ನೆಯಿಂದ ಕಟ್ಟಿಕೊಂಡದ್ದೆಲ್ಲ ಇತ್ತು. "ನನ್ನವ್ವ. ನೀ ನನ್ನ ಹೆಸರು ಉಳಿಸಿದಿ ಉಜ್ಜೂ. ಗೌರವಗ ಫೋನ್ ಹಚ್ಚಿ ಹೇಳಲೇನು?"

"ಒಂದು ಮಾತು ಅದರಿ. ಇವರು ಒಬ್ಬರ ಕೈಗೇ ಕೊಡ್ತಾರಂತ. ಡಾಕ್ಟರ್ ಸಾಬ್ ಹಂಗ ಹೇಳಿ ಇಟ್ಟಾರಂತ. ಟೀಚರ್, ಸುಮನ ಅಂದ್ರ ಯಾರ್ರಿ? ಎಲ್ಲಿದ್ದಾರ ಹೇಳ್ರಿ, ಈಗೇ ಹೋಗಿ ಕರಕೊಂಡು ಬರ್ತೇನಿ."

ಕರೆ ಕಡಿದುಹೋಯಿತೇನೋ ಎಂದು ಉಜ್ವಲಾ ಫೋನ್ ನೋಡಿದಳು. ಸೆಕೆಂಡುಗಳು ಓಡುತ್ತಲೇ ಇದ್ದವು.

"ಉಜ್ವಲಾ." ಉಜ್ಜೂ ಅಲ್ಲ. ಹಾಜರಿ ಕೂಗುವ ದನಿ. "ನೀ ವಾಪಸ್ ಬಾ."

"ಎಂಜಿನ್ ಬಿಟ್ಟು ಹ್ಯಾಂಗ ಬರ್ಲಿ?"

"ಎಂಜಿನ್ ಸಿಕ್ಕಿಲ್ಲ. ನೀ ಚಿಂತಾಕಿಗಿ ಹೋಗಿಲ್ಲ. ಏನೂ ನೋಡಿಲ್ಲ."

"ಟೀಚರ್, ನಾಳಿ ಗೌರವ..."

"ಗೌರವಗ ನಾನೇ ಹೇಳ್ತೇನಿ. ನಾ ಬರೆದುಕೊಟ್ಟದ್ದು ಸುಳ್ಳು, ಗೊತ್ತಿದ್ದೇ ಬರೆದೆ ಅಂತ. ಏನ್ ಅಂತಾನ ಅನ್ನಲಿ. ಆ ಹೆಸರು ಮಾತ್ರ ನೀ ಇನ್ನೊಮ್ಮಿ ನನ್ನ ಮುಂದ ತೆಗೀಬ್ಯಾಡ."

ಈ ಸಲ ಕರೆ ನಿಜಕ್ಕೂ ಮುಗಿಯಿತು.

ಚಾಚಾ ಓಮ್ನಿಯ ಬಾಗಿಲಿಗೆ ಒರಗಿ ನಿಂತು, ಏನಂದರು ಎಂದು ಹುಬ್ಬಿನಲ್ಲೇ ಕೇಳಿದರು. ಉಜ್ವಲಾ ಕಾಗದದ ಮೇಲಿನ ನಂಬರನ್ನೇ ಮತ್ತೊಮ್ಮೆ ಓದಿದಳು. ಗೊತ್ತಿಲ್ಲದೆ ಬರೆದ ಒಂದು ಸುಳ್ಳಿಗೆ ನಿನ್ನೆಯೆಲ್ಲ ಅನ್ನ ಬಿಟ್ಟಿದ್ದ ಹೆಂಗಸು, ಗೊತ್ತಿದ್ದೇ ಬರೆದೆನೆಂಬ ಇನ್ನೂ ದೊಡ್ಡ ಸುಳ್ಳನ್ನು, ಆ ಒಂದು ಹೆಸರು ಹೊರಗೆ ಬರಬಾರದೆಂದು, ಈಗ ತಾವಾಗಿ ತಲೆಯ ಮೇಲೆ ಹೊತ್ತುಕೊಂಡಿದ್ದರು.

ಐದು ನಿಮಿಷ ಕಳೆದಿರಬಹುದು. ಫೋನ್ ಮತ್ತೆ ಮಿಡಿಯಿತು. ಪುಣೆಯ ನಂಬರು.

"ಮ್ಯಾಡಮ್, ಗೌರವ ಬೋಲತೇನಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಗೊಂದಲವಿತ್ತು. "ಟೀಚರ್ ಈಗ ಫೋನ್ ಮಾಡಿದ್ರು. ಎಂಜಿನ್ ಮೂಲದ್ದಲ್ಲ, ಕಳಕೊಂಡು ಭಾಳ ವರ್ಷ ಆತು, ನಾ ಝೂಟ್ ಬರೆದೇನಿ ಅಂದ್ರು. ನನಗ ನಂಬಿಕಿ ಬರ್ಲತ್ತಿಲ್ಲ. ಎಂಜಿನ್ ಜಾಂಚ್ ಮಾಡಲಿಕ್ಕ ನಿಮಗ ಕರೆಸೇನಿ ಅಂತ ನಿನ್ನಿ ಅವರೇ ಹೇಳಿದ್ರು. ನೀವ್ ಹೇಳ್ರಿ ಮ್ಯಾಡಮ್. ಎಂಜಿನ್ ಸಿಕ್ಕದೋ, ಇಲ್ಲೋ?"

ಉಜ್ವಲಾಳ ಎಡಗೈಯಲ್ಲಿ ಪೆನ್ಸಿಲಿನ ಅಚ್ಚು ತೆಗೆದ ಕಾಗದ ಗಾಳಿಗೆ ಅಲುಗುತ್ತಿತ್ತು. ದೊಡ್ಡಿಯ ಬಾಗಿಲಲ್ಲಿ ಮಡೆಪ್ಪ ಬಂದು ನಿಂತು, ಅವಳು ಏನು ಹೇಳುತ್ತಾಳೆಂದು ಕೇಳುತ್ತಿದ್ದರು.

"ಹಲೋ," ಅಂದ ಗೌರವ. "ಮ್ಯಾಡಮ್, ಇದ್ದೀರೇನು?"

"ಇದ್ದೇನಿ," ಅಂದಳು ಉಜ್ವಲಾ.